ಈಶಾನ್ಯದ ಇಳಿಜಾರು

ಚನ್ನಗಿರಿಯಲ್ಲಿ ನಮ್ಮ ಪಕ್ಕದ ಮನೆಯ ಗಣಿತದ ಮೇಷ್ಟ್ರ ಕಾರು ತಾನಾಗಿ ಸ್ಟಾರ್ಟ್ ಆದದ್ದನ್ನು ನಾನು ಕಂಡಿಲ್ಲ. ಬ್ಯಾಟರಿ ತೋರಿಸಿ ಎಂದರೆ, ಜ್ವರ ನೋಡುವವರಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಎಲ್ಲಾ ಸರಿ ಐತೆ, ಇಳಿಜಾರು ಒಂದಿದ್ರೆ ಸಾಕು" ಎನ್ನುತ್ತಿದ್ದರು. ಮದುವೆಗೆ ಕರೆಯಲು ಬಂದವರನ್ನೂ ಮೊದಲು ಕೇಳುತ್ತಿದ್ದದ್ದು, ಛತ್ರದ ಮುಂದೆ ಇಳಿಜಾರು ಐತಾ ಎಂದೇ.

ಮಗಳಿಗೆ ಜಗಳೂರಿನ ಕಡೆ ಸಂಬಂಧ ಬಂದಾಗಲೂ ಫೋನಿನಲ್ಲಿ ಅದನ್ನೇ ಕೇಳಿದರು. ಹುಡುಗನ ತಂದೆ ಅದು ವಾಸ್ತುವಿನ ಪ್ರಶ್ನೆ ಎಂದುಕೊಂಡು, "ಐತ್ರೀ, ಸರಿಯಾಗಿ ಈಶಾನ್ಯಕ್ಕೇ ಐತೆ" ಎಂದು ಹೆಮ್ಮೆಯಿಂದ ಹೇಳಿದರಂತೆ.

ಅವರ ಮನೆ ನೋಡಲು ನಾನೂ ಜೊತೆಗೆ ಹೋಗಿದ್ದೆ. ಹುಡುಗಿ ಆಗಲೇ ಒಪ್ಪಿದ್ದಳು. ಹುಡುಗ ಮಾತ್ರ ಏನು ಕೇಳಿದರೂ ನೆಲ ನೋಡುತ್ತಿದ್ದ. ಮಂಡಕ್ಕಿ ತಿಂದು ಹೊರಟೆವು. ಕಾರು ಈಶಾನ್ಯಕ್ಕೆ ಹತ್ತು ಮಾರು ಉರುಳಿ, ಸುಮ್ಮನೆ ನಿಂತುಬಿಟ್ಟಿತು. ವಾಸ್ತುವಿನ ಇಳಿಜಾರು ಇದ್ದದ್ದೇ ಅಷ್ಟು. ಬೀಗರಾಗಬೇಕಾದವರು ಮುಖ ಮುಖ ನೋಡಿಕೊಂಡರು. ಹುಡುಗ ಚಪ್ಪಲಿ ಬಿಟ್ಟು ಬಂದು ಹಿಂದಿನಿಂದ ತಳ್ಳಿದ. ಎಂಜಿನ್ ಕೆಮ್ಮುತ್ತಾ ಎದ್ದಿತು. ಅವನು ಕಿಟಕಿಯ ಪಕ್ಕಕ್ಕೆ ಓಡಿಬಂದು, ಅವತ್ತು ಮೊದಲ ಸಲ ಬಾಯಿಬಿಟ್ಟ: "ಮಾವ, ಬ್ಯಾಟರಿ ಬದಲಾಯಿಸ್ರಿ."

ಮೇಷ್ಟ್ರಿಗೆ ಕೇಳಿಸಿದ್ದು 'ಮಾವ' ಅನ್ನುವುದೊಂದೇ. ಅಳಿಯನನ್ನು ಅಪ್ಪಿಕೊಳ್ಳಲು, ಎಂಜಿನ್ ಆಫ್ ಮಾಡಿ ಕೆಳಗಿಳಿದರು.