ಕಚ್ಚದ ಬೂಟು

ನನ್ನ ಪಾದಗಳು ಚೆಂದವಾಗಿಲ್ಲ. ಗದ್ದೆಯ ಬದುಗಳ ಮೇಲೆ ಬರಿಗಾಲಲ್ಲಿ ಓಡಾಡಿ ಬೆಳೆದವನ ಪಾದ ಉದ್ದಕ್ಕಿಂತ ಅಗಲಕ್ಕೇ ಹೆಚ್ಚು ಬೆಳೆಯುತ್ತದೆ. ಬೆರಳುಗಳು ಮಾತು ಬಿಟ್ಟ ದಾಯಾದಿಗಳಂತೆ ದೂರ ದೂರ ನಿಲ್ಲುತ್ತವೆ. ಇಂಥ ಪಾದಗಳ ಮೇಲೆಯೇ ನಡೆದು ಹೋಗಿ ನಾನು ಮೂಡಿಗೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದೆ. ಅದು ಮಹಾರಾಜರ ಕಾಲ. ಕೋಟು, ಪೇಟ ಇರಲೇಬೇಕು. ಕಾಲಿನ ವಿಚಾರವನ್ನು ಮಾತ್ರ ನಮಗೇ ಬಿಟ್ಟಿದ್ದರು.

ಹೊಸ ಅಮಲ್ದಾರರು ಬಂದರು, ಆ ಸುಖವೂ ಹೋಯಿತು. “ಮೇಲೆ ಪೇಟ, ಕೆಳಗೆ ಕೆಸರು! ಇದು ಕಚೇರಿಯೋ ಗದ್ದೆಯೋ?” ಎಂದು ಕೇಳಿ, ಎಲ್ಲರೂ ಬೂಟು ಹಾಕಿಕೊಂಡೇ ಬರಬೇಕೆಂದು ಹುಕುಂ ಮಾಡಿದರು. ಚಿಕ್ಕಮಗಳೂರಿಗೆ ಹೋಗಿ ಒಂದು ಜೊತೆ ಕರಿ ಬೂಟು ತಂದೆ. ಅಂಗಡಿಯವರು, “ಹಾಕ್ತಾ ಹಾಕ್ತಾ ಸಡಿಲ ಆಗ್ತದೆ” ಎಂದಿದ್ದರು. ಸಡಿಲವಾದದ್ದು ನನ್ನ ಚರ್ಮ. ಮನೆಯಿಂದ ಕಚೇರಿಗೆ ಎರಡು ಮೈಲಿ. ಸಂಜೆ ನಾನು ಕುಂಟುತ್ತ ಬಂದರೆ ನನ್ನ ಹೆಂಡತಿ ಸಾವಿತ್ರಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಗುಳ್ಳೆಗಳಿಗೆ ಸವರುತ್ತಿದ್ದಳು.

ಕಚೇರಿಯಲ್ಲಿ ಮೇಜಿನ ಕೆಳಗೆ ಬೂಟು ಕಳಚಿಟ್ಟು ಬರೆಯುವುದನ್ನು ಕಲಿತೆ. ಒಂದು ದಿನ ಅಮಲ್ದಾರರು ಇದ್ದಕ್ಕಿದ್ದಂತೆ ಕರೆದರು. ಬಾತುಕೊಂಡ ಕಾಲು ಬೂಟಿನೊಳಗೆ ಹೋಗಲೊಲ್ಲದು. ಫೈಲು ಎದೆಗವುಚಿಕೊಂಡು ಬರಿಗಾಲಲ್ಲೇ ಹೋಗಿ ನಿಂತೆ. ಅವರು ಫೈಲು ಬಿಟ್ಟು ನನ್ನ ಕಾಲನ್ನೇ ನೋಡಿದರು. ಕೆಲಸ ಹೋಯಿತು ಅಂದುಕೊಂಡೆ.

“ಏನ್ರೀ ಇದು?”

“ಬೂಟು ಕಚ್ಚಿದೆ, ಸ್ವಾಮಿ.”

“ಕಚ್ಚೋದನ್ನ ಯಾಕ್ರೀ ಸಾಕ್ತೀರಿ? ಗೋಣಿಬೀಡಲ್ಲಿ ಈರಯ್ಯ ಅಂತ ಒಬ್ಬ ಚೆನ್ನಾಗಿ ಹೊಲಿತಾನಂತೆ. ಹೋಗಿ ಬನ್ನಿ.”

ಈರಯ್ಯ ಮುದುಕ. ನನ್ನ ಎರಡೂ ಪಾದಗಳನ್ನು ಕಾಗದದ ಮೇಲೆ ಇರಿಸಿ, ಸುತ್ತ ಗೆರೆ ಎಳೆದು, “ಎಡಗಾಲು ಒಂಚೂರು ದೊಡ್ಡದು ಸ್ವಾಮಿ. ಎರಡಕ್ಕೂ ಒಂದೇ ಅಳತೆ ಅಂದ್ರೆ ಕಚ್ಚದೆ ಏನ್ಮಾಡ್ತದೆ?” ಎಂದ. ನಲವತ್ತು ವರ್ಷ ಜೊತೆಯಲ್ಲೇ ಇದ್ದ ಕಾಲಿನ ಬಗ್ಗೆ ಇಷ್ಟೂ ನನಗೆ ಗೊತ್ತಿರಲಿಲ್ಲ. ಅವನ ಗುಡಿಸಲಿನ ಬಾಗಿಲಲ್ಲಿ ಒಂದು ಜೊತೆ ಸಣ್ಣ ಚಪ್ಪಲಿ ಕಂಡಿತು. ಯಾರದೆಂದು ಕೇಳಿದೆ.

“ನಮ್ಮ ಮನೆಯೋಳದು. ಹೆಂಗಸಿಗೆ ಚಪ್ಪಲಿಯಾ ಅಂತ ನಗೋರೆಲ್ಲ ನಕ್ಕಂಡ್ರು. ಮುಳ್ಳು ಚುಚ್ಚೋದು ಅವಳ ಕಾಲಿಗೆ ತಾನೆ?”

ಮನೆಗೆ ಬಂದವನೇ ಕಾಗದ, ಪೆನ್ಸಿಲು ಹಿಡಿದು ಅಡಿಗೆಮನೆಗೆ ಹೋಗಿ, “ಇದರ ಮೇಲೆ ನಿಲ್ಲು” ಎಂದೆ. ಸಂಗತಿ ತಿಳಿದ ಸಾವಿತ್ರಿ ಗೋಡೆಗೆ ಒತ್ತಿಕೊಂಡಳು.

“ಅಯ್ಯೋ, ನೀವು ನನ್ನ ಕಾಲು ಮುಟ್ಟೋದಾ? ನಂಗೆ ಪಾಪ ಬರ್ತದೆ.”

“ನಾನು ಮುಟ್ಟಲ್ಲ. ಪೆನ್ಸಿಲ್ ಮುಟ್ತದೆ.”

ಅವಳು ಸೀರೆಯ ಅಂಚನ್ನು ಒಂದಿಷ್ಟೇ ಎತ್ತಿ ನಿಂತಳು. ನಾನು ಕುಕ್ಕರಗಾಲಲ್ಲಿ ಕುಳಿತು ಗೆರೆ ಎಳೆಯತೊಡಗಿದೆ. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಆ ಪಾದಗಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಿಮ್ಮಡಿಯ ಬಿರುಕುಗಳೊಳಗೆ ಕೆಮ್ಮಣ್ಣು. ಹೆಬ್ಬೆರಳಿನ ಬುಡದಲ್ಲಿ ಕಪ್ಪಗೆ ಗಟ್ಟಿಯಾದ ಹಳೆಯ ಗಾಯ.

“ಇದು ಯಾವಾಗ ಆಗಿದ್ದು?”

“ಹೋದ ವರ್ಷ, ಸೌದೆ ತರೋವಾಗ.”

“ನಂಗೆ ಹೇಳ್ಲೇ ಇಲ್ವಲ್ಲ?”

“ಮುಳ್ಳು ಚುಚ್ಚಿದ್ದನ್ನೆಲ್ಲ ಹೇಳ್ತಾ ಕೂತ್ರೆ ಒಲೆ ಹಚ್ಚೋದು ಯಾರು?” ಎಂದು ನಕ್ಕಳು. ನನ್ನ ಗೆರೆ ಸೊಟ್ಟಗಾಯಿತು. ಈರಯ್ಯ ಅದನ್ನು ನೋಡಿ ಸರಿಮಾಡಿಕೊಂಡಿರಬೇಕು. ಹದಿನೈದು ದಿನಕ್ಕೆ ನನ್ನ ಬೂಟೂ ಅವಳ ಚಪ್ಪಲಿಯೂ ಬಂದವು.

ನನ್ನ ಬೂಟು ನೋಡಲು ಎರಡು ಪುಟ್ಟ ದೋಣಿಗಳಂತಿತ್ತು. ಆದರೆ ಹಾಕಿಕೊಂಡಿದ್ದೇನೆಂಬುದೇ ಮರೆತುಹೋಗುತ್ತಿತ್ತು. ಅಮಲ್ದಾರರು ಅದನ್ನು ಕಂಡು ನಗು ತಡೆದುಕೊಂಡರು. ಸಾವಿತ್ರಿ ಮಾತ್ರ ಚಪ್ಪಲಿಯನ್ನು ಒಂದು ವಾರ ಹಿತ್ತಲಲ್ಲೇ ಹಾಕಿ ನೋಡಿದಳು. ಸಂತೆಗೆ ಹೊರಟ ದಿನ ಅದನ್ನು ಚೀಲದಲ್ಲಿಟ್ಟುಕೊಂಡು, ನೆರೆಮನೆ ದಾಟಿದ ಮೇಲೆ ತೆಗೆದು ಮೆಟ್ಟಿಕೊಂಡಳು.

ಎಂದಿನಂತೆ ನಾನು ಮುಂದೆ, ಅವಳು ಹಿಂದೆ. ಬರಿಗಾಲಿಗೆ ಸದ್ದಿಲ್ಲ; ಹನ್ನೊಂದು ವರ್ಷ ಅವಳು ನನ್ನ ಬೆನ್ನಿಗೇ ಇದ್ದಾಳೆಂದು ನಂಬಿ ನಡೆದಿದ್ದೆ. ಅಂದು ಚಪ್ಪಲಿಯ ಸದ್ದು ಕಿವಿಗೆ ಬಿತ್ತು. ಅದು ಎಷ್ಟೋ ದೂರದಿಂದ, ರಸ್ತೆಯ ತಿರುವಿನ ಆಚೆಯಿಂದ ಬರುತ್ತಿತ್ತು.

ನಾನು ನಿಂತುಕೊಂಡೆ. ಅವಳು ಬಂದು ಸೇರಿದ ಮೇಲೆ, ಇಬ್ಬರೂ ನಿಧಾನವಾಗಿ ನಡೆದೆವು.