ಕಮಲಕ್ಕನಿಗೆ ಇಲ್ಲದ ಕಾಯಿಲೆ

ಕಮಲಕ್ಕಾ, ನಿಮಗೆ ಯಾವ ಕಾಯಿಲೆಯೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ನಿಮ್ಮನ್ನು ಒಂಬತ್ತು ಸಲ ನಮ್ಮ ಬಡಾವಣೆಯ ಡಾಕ್ಟರ, ಜಿಪಿಯ, ಹತ್ತಿರ ಕರೆದುಕೊಂಡು ಹೋದೆನಲ್ಲ — ಅದು ನಿಮ್ಮ ಆರೋಗ್ಯಕ್ಕಲ್ಲ, ನನ್ನ ಅರ್ಜಿಗೆ. ಮೆಡಿಕಲ್ ಕಾಲೇಜಿನ ಅರ್ಜಿಗೆ. ಇದನ್ನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳದೆ ಇದ್ದದ್ದರಿಂದ ಏನಾಯಿತು ಎನ್ನುವುದು ನನಗೆ ಗೊತ್ತು, ನಿಮಗೆ ಗೊತ್ತಿಲ್ಲ.

ಮೂವತ್ತೊಂಬತ್ತನೇ ವಯಸ್ಸಿನಲ್ಲಿ ನನಗೆ ಡಾಕ್ಟರಾಗುವ ಹುಚ್ಚು ಹಿಡಿದಿತ್ತು. ಬರ್ಚ್‌ವುಡ್‌ನ ಆಫೀಸಿನಲ್ಲಿ ಕೂತು, ಬೇರೆಯವರು ಬರೆದ ಸುರಕ್ಷತಾ ವರದಿಗಳಲ್ಲಿ ತಪ್ಪು ಹುಡುಕುತ್ತ ಹನ್ನೊಂದು ವರ್ಷ ಕಳೆದಿದ್ದೆ. ಒಂದು ದಿನ ಊಟಕ್ಕೆ ಕೂತಾಗ ನನ್ನ ಗಂಡ ರಘುವಿಗೆ ವಿಷಯ ಹೇಳಿದೆ. ಅವನು ತಲೆ ಎತ್ತಲಿಲ್ಲ. "ಆಗು ತಾಯಿ, ಆಗು. ಅದಕ್ಕೆ ಮುಂಚೆ ಸ್ವಲ್ಪ ಸಾರು ಬಡಿಸು" ಅಂದ. ಆ ಸಾರಿನ ಸಿಟ್ಟಿಗೇ ಅರ್ಧ ಅರ್ಜಿ ತುಂಬಿದೆ ಅಂದರೂ ತಪ್ಪಿಲ್ಲ.

ಆದರೆ ನನ್ನ ಅಂಕಪಟ್ಟಿಗಳು — ಅಯ್ಯೋ, ಅವುಗಳ ಕಥೆ ಕೇಳಬೇಡಿ. ಪಿಯುಸಿಯಲ್ಲಿ ತೊಂಬತ್ತೊಂದು, ಬಿಎಸ್ಸಿ ಎರಡನೇ ವರ್ಷ ಭೌತಶಾಸ್ತ್ರದಲ್ಲಿ ಇಪ್ಪತ್ತೆಂಟು, ಮರುಪರೀಕ್ಷೆಯಲ್ಲಿ ಪಾಸಾಗಲು ಬೇಕಾದ ಮೂವತ್ತೈದೇ, ಮತ್ತೆ ಈ ದೇಶಕ್ಕೆ ಬಂದು ಲಫ್‌ಬರೋದಲ್ಲಿ ಎಂಎಸ್ಸಿ ಮಾಡಿದಾಗ ಡಿಸ್ಟಿಂಕ್ಷನ್. ನೋಡಿದವರಿಗೆ ಇದು ಒಬ್ಬಳ ಅಂಕಪಟ್ಟಿಯೋ ಮೂರು ಜನರದ್ದೋ ಎಂಬ ಅನುಮಾನ ಬರುವಂತಿತ್ತು. ಇಂಥ ಅಂಕಗಳಿದ್ದವರಿಗೆ ಉಳಿದ ದಾರಿ ಒಂದೇ, ಅನುಭವ. ವಯಸ್ಸಾದವರ ಆರೈಕೆ ಮಾಡಿದ್ದೀರಾ, ಎಷ್ಟು ಗಂಟೆ ಮಾಡಿದ್ದೀರಿ, ಅದರಿಂದ ಏನು ಕಲಿತಿರಿ — ಅರ್ಜಿಯಲ್ಲಿ ಅದನ್ನೆಲ್ಲ ಬರೆಯಬೇಕಿತ್ತು.

ಆಗ ಕಣ್ಣಿಗೆ ಬಿದ್ದವರು ನೀವು. ಪಕ್ಕದ ಬೀದಿ, ಎಪ್ಪತ್ತಮೂರು ವರ್ಷ, ಮಗ ಹರೀಶನೂ ಸೊಸೆಯೂ ಬೆಳಿಗ್ಗೆ ಹೋದರೆ ಸಂಜೆಗೇ ಮನೆಗೆ. ಅಂಗಡಿಯಲ್ಲಿ ಇಂಗ್ಲಿಷಿನಲ್ಲಿ ಜಗಳವನ್ನೇ ಆಡಿ ಬರುತ್ತಿದ್ದ ನಿಮಗೆ ಡಾಕ್ಟರ ಎದುರು ಕೂತರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಮೊದಲ ಸಲ ಮಂಡಿನೋವಿಗೆ ಕರೆದುಕೊಂಡು ಹೋಗಿ, ನಿಮ್ಮ ಮಾತು ಅವರಿಗೆ, ಅವರ ಮಾತು ನಿಮಗೆ ಹೇಳಿದೆ. ಅದು ನಿಜವಾದ ಸಹಾಯವೇ. ಅಲ್ಲಿಗೇ ನಿಲ್ಲಿಸಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ನಿಲ್ಲಿಸಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದರೆ ಆಗಿದ್ದು ಬರೀ ಎರಡು ಗಂಟೆ. ಮುಂದಿನ ವಾರ "ಕಮಲಕ್ಕ, ಕಿವಿ ಸ್ವಲ್ಪ ಮಂದ ಆಗಿದೆಯಾ?" ಅಂದೆ. ಆಮೇಲೆ ತಲೆಸುತ್ತು. ಒಗ್ಗರಣೆಯ ಘಾಟಿಗೆ ನೀವು ಎರಡು ಸಲ ಕೆಮ್ಮಿದ್ದಕ್ಕೆ ಎದೆಯ ಪರೀಕ್ಷೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಆಫೀಸಿನ ಕಾರ್ ಪಾರ್ಕಿನಿಂದ ಕ್ಲಿನಿಕ್ಕಿಗೆ ಫೋನು ಹಚ್ಚಿ, "ನೀವು ಸಾಲಿನಲ್ಲಿ ಹದಿನೇಳನೆಯವರು" ಎನ್ನುವ ದನಿ ಕೇಳುತ್ತ ಕಾಯುವುದರಲ್ಲಿ ನಾನು ನಿಪುಣೆಯಾದೆ. ನೀವೋ, ಪ್ರತಿ ಸಲ ರೇಷ್ಮೆ ಸೀರೆ ಉಟ್ಟು, ರಿಸೆಪ್ಶನಿನವಳಿಗೆ ಚಕ್ಕುಲಿ ಡಬ್ಬಿ ಹಿಡಿದು ಸಿದ್ಧ. ಚಕ್ಕುಲಿ ತಿಂದ ಮೇಲೆ ಅವಳು ಯಾಕೆ ಬಂದಿರಿ ಎಂದು ಕೇಳುವುದನ್ನೇ ಬಿಟ್ಟಳು. ಎಂಟನೇ ಭೇಟಿಯಲ್ಲಿ ಡಾಕ್ಟರು ನಿಮ್ಮ ರಕ್ತಪರೀಕ್ಷೆಯ ವರದಿಯನ್ನು ಮೇಲಿಂದ ಕೆಳಗೆ ನೋಡಿ, "ಇವರು ನನಗಿಂತ ಗಟ್ಟಿಯಾಗಿದ್ದಾರೆ" ಅಂದರು. ಆಮೇಲೆ ನನ್ನ ಕಡೆ ತಿರುಗಿ ತುಂಬ ಮೃದುವಾಗಿ, "ನೀವು ಹೇಗಿದ್ದೀರಿ? ಮನೆಯಲ್ಲಿ ಎಲ್ಲ ಸರಿಯಾಗಿದೆಯಾ?" ಎಂದು ವಿಚಾರಿಸಿದರು. ನಾಚಿಕೆಯಾಯಿತು. ಆದರೂ ಒಂಬತ್ತನೇ ಸಲ ಹೋದೆ!

ಹೊರಗೆ ಬಂದಾಗಲೆಲ್ಲ ನೀವು ಕೇಳುತ್ತಿದ್ದಿರಿ, "ಎಂತ ಹೇಳಿದ್ರು ಮಾರಾಯ್ತಿ?" ನಾನು ಹೇಳುತ್ತಿದ್ದೆ, "ಏನಿಲ್ಲ ಕಮಲಕ್ಕ, ಎಲ್ಲ ಚೆನ್ನಾಗಿದೆ." ಎಂಥ ದಡ್ಡಿ ನಾನು! ನಮ್ಮ ಮನೆಗಳಲ್ಲಿ ಆ ಮಾತನ್ನು ಯಾರಿಗೆ ಹೇಳುತ್ತಾರೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಅದು ಹೊಳೆದದ್ದು ಜನವರಿಯಲ್ಲಿ, ನಿಮ್ಮನ್ನು ಟಿವಿಡೇಲಿನ ಬಾಲಾಜಿ ಗುಡಿಗೆ ಕರೆದೊಯ್ಯುವಾಗ. ಮೋಟರ್‌ವೇಯಲ್ಲಿ ಸಾಲುಗಟ್ಟಿ ನಿಂತಿದ್ದ ಕಾರುಗಳ ನಡುವೆ ನೀವು ಶಾಂತವಾಗಿ ಕೇಳಿದಿರಿ.

"ಸುಮಾ, ನಂಗೆ ಎಷ್ಟು ದಿನ ಉಂಟು?"

"ಅಯ್ಯೋ, ಏನ್ ಮಾತಾಡ್ತೀರ ಕಮಲಕ್ಕ! ನಿಮಗೆ ಏನೂ ಇಲ್ಲ."

"ನಂಗೇ ಹೇಳ್ತೀಯಾ? ಹರೀಶನ ಅಪ್ಪನಿಗೂ ನಾನು ಹೀಗೇ ಹೇಳಿದ್ದು. ಎಂತದ್ದೂ ಇಲ್ಲ, ಗ್ಯಾಸ್ಟ್ರಿಕ್ ಅಂತ. ಹೋಗುವ ದಿನದವರೆಗೂ ಹಾಗೇ ಹೇಳಿದ್ದೆ. ಒಂಬತ್ತು ಸಲ ಸುಮ್ನೆ ಯಾರಾದ್ರೂ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾರಾ?"

ಕರ್ಕೊಂಡು ಹೋಗ್ತಾರೆ ಕಮಲಕ್ಕ. ನಾನು ಕರ್ಕೊಂಡು ಹೋದೆ. ಆಗ ಹೇಳಬೇಕಾಗಿದ್ದದ್ದು ಒಂದೇ ಸಾಲು: "ನನ್ನ ಅರ್ಜಿಗೆ ಗಂಟೆ ಬೇಕಿತ್ತು, ಅದಕ್ಕೆ ಕರೆದುಕೊಂಡು ಹೋದೆ." ಕಾರು ಅರ್ಧ ಗಂಟೆ ಅಲುಗಾಡದೆ ನಿಂತಿತ್ತು, ಸಮಯ ಬೇಕಾದಷ್ಟಿತ್ತು. ಆದರೆ ಹನ್ನೊಂದು ದಿನಕ್ಕೆ ನನ್ನ ಸಂದರ್ಶನ. ನಾನು ಇಂತಿಷ್ಟು ಗಂಟೆ ನಿಮ್ಮ ಆರೈಕೆ ಮಾಡಿದ್ದೇನೆ ಎಂದು ಹರೀಶ ಬರೆದುಕೊಡಬೇಕಾಗಿದ್ದ ಪತ್ರ ಇನ್ನೂ ಕೈಗೆ ಬಂದಿರಲಿಲ್ಲ. ನಿಮಗೆ ಹೇಳಿದರೆ ನೀವು ಅವನಿಗೆ ಹೇಳುತ್ತೀರಿ, ಅವನು — ಬೇಡ, ಅವನನ್ನು ಯಾಕೆ ಎಳೆಯಲಿ. ನನಗೆ ಸೀಟು ಬೇಕಿತ್ತು, ಅಷ್ಟೇ. "ನಿಜವಾಗಲೂ ಏನಿಲ್ಲ" ಎಂದು ಇನ್ನೊಮ್ಮೆ ಹೇಳಿದೆ. ನಾನು ಹೇಳಿದ್ದು ಸತ್ಯ. ನೀವು ಅದನ್ನು ನಂಬುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದೇ ಹೇಳಿದ ಸತ್ಯ. ನೀವು ನನ್ನ ಕೈ ತಟ್ಟಿ, "ಪಾಪ, ನಿಂಗೂ ಕಷ್ಟ" ಅಂದಿರಿ.

ಆಮೇಲೆ ನೀವು ಸಾಯಲು ತಯಾರಾದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ನಗುತ್ತಿದ್ದೇನಲ್ಲ ಎಂದು ನನ್ನ ಮೇಲೇ ಸಿಟ್ಟೂ ಬರುತ್ತದೆ. ಸೀರೆಗಳಿಗೆಲ್ಲ ಯಾರ್‍ಯಾರಿಗೆ ಎಂದು ಚೀಟಿ ಅಂಟಿಸಿದಿರಿ. ವೆಟ್ ಗ್ರೈಂಡರ್ ನನ್ನ ಮನೆಗೆ ಬಂತು. ನೀರ್ದೋಸೆ ಹದ ಕಲಿಸಿಯೇ ಹೋಗುತ್ತೇನೆಂದು ಹಟ ಹಿಡಿದು, ಮೂರು ಶನಿವಾರ ನನ್ನನ್ನು ಬೈದಿರಿ: "ಇದು ದೋಸೆಯಾ? ಕಂಬಳಿ!" ಇಷ್ಟು ಹುರುಪಿನಿಂದ ಸಾಯಹೊರಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಫೆಬ್ರವರಿಯಲ್ಲಿ ಕುಂದಾಪುರದಲ್ಲಿ ನಿಮ್ಮ ಅಣ್ಣನ ಸಹಸ್ರಚಂದ್ರ ದರ್ಶನ ಶಾಂತಿ ಇತ್ತು. ಏಳು ವರ್ಷದಿಂದ ನೋಡದ ಅಣ್ಣ. ಟಿಕೆಟು ತೆಗೆದಾಗಿತ್ತು. ನೀವು ಹೋಗಲಿಲ್ಲ. ಹರೀಶನಿಗೆ ಮಂಡಿನೋವು ಎಂದಿರಿ. ನನ್ನೊಬ್ಬಳ ಹತ್ತಿರ ನಿಜ ಹೇಳಿದಿರಿ: "ವಿಮಾನದಲ್ಲಿ ಎಂತಾದ್ರೂ ಆದ್ರೆ ಜನಕ್ಕೆ ತೊಂದ್ರೆ ಅಲ್ವಾ?" ಅಷ್ಟು ಹೊತ್ತಿಗೆ ಪತ್ರ ನನ್ನ ಕೈಯಲ್ಲಿತ್ತು, ಸಂದರ್ಶನವೂ ಮುಗಿದಿತ್ತು. ಇನ್ನು ಹೇಳಲು ಯಾವ ಅಡ್ಡಿಯೂ ಇರಲಿಲ್ಲ. ಫಲಿತಾಂಶ ಬರಲಿ ಆಮೇಲೆ — ಎಂದುಕೊಂಡೆ. ಆಮೇಲೆ ಎಂಬುದು ಬರಲೇ ಇಲ್ಲ.

ಸಂದರ್ಶನದಲ್ಲಿ ಏನು ಕೇಳಿದ್ದರು ಗೊತ್ತೆ? ರೋಗಿಯ ಎದುರು ಪ್ರಾಮಾಣಿಕವಾಗಿರುವುದು ಯಾಕೆ ಮುಖ್ಯ? ನಿಮ್ಮನ್ನೇ ಉದಾಹರಣೆ ಕೊಟ್ಟು ಐದು ನಿಮಿಷ ಮಾತಾಡಿದೆ. ಎಷ್ಟು ಚೆನ್ನಾಗಿ ಮಾತಾಡಿದೆ ಎಂದರೆ ಪ್ರಶ್ನೆ ಕೇಳಿದಾಕೆಯ ಕಣ್ಣು ತುಂಬಿತು. ಎರಡು ಕಾಲೇಜುಗಳು ಅಂಕ ನೋಡಿಯೇ ಬೇಡ ಅಂದಿದ್ದವು, ಈ ಮೂರನೆಯದು ಸೀಟು ಕೊಟ್ಟಿತು.

ನೀವು ಸಾಯಲಿಲ್ಲ. ಬೇಸಿಗೆಯ ಹೊತ್ತಿಗೆ ನಿಮಗೇ ಆಶ್ಚರ್ಯ. ಮುಂದಿನ ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದಾಗ ಮೈಕು ಹಿಡಿದು, "ನನ್ನನ್ನು ಬದುಕಿಸಿದ್ದು ಇವಳು. ಮನೆಯವರಿಗೂ ಗೊತ್ತಿಲ್ಲ" ಅಂದುಬಿಟ್ಟಿರಿ. ಹರೀಶ ಗಾಬರಿಯಾಗಿ ನನ್ನ ಮುಖ ನೋಡಿದ. ಅಮ್ಮ ಹಾಗೇ, ಪ್ರೀತಿಗೆ ಏನೋ ಹೇಳುತ್ತಾರೆ ಎಂದು ಅವನನ್ನು ಸುಮ್ಮನಾಗಿಸಿದೆ. ಜನ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ, ಕಮಲಕ್ಕ. ಕೈ ಮುಗಿದು, ಹೋಳಿಗೆ ತಿಂದು ಮನೆಗೆ ಬಂದೆ.

ಹೋದ ತಿಂಗಳು ನೀವು ಊರಿಗೆ ಹೋಗಿ ಬಂದಿರಿ. ನೋಡಲು ಬಂದ ನನಗೆ ಕಾಫಿ ಕೊಟ್ಟು ನಗುತ್ತಲೇ ಶುರುಮಾಡಿದಿರಿ. "ಅಣ್ಣ ನನ್ನನ್ನೇ ನೋಡಿ, ಇವ್ರು ಯಾರು, ಊಟ ಆಯ್ತಾ ಇವ್ರದ್ದು ಅಂತ ಕೇಳಿದ." ಅಣ್ಣನಿಗೆ ಮರೆವು ಹತ್ತಿ ಒಂದೂವರೆ ವರ್ಷವಾಯಿತಂತೆ. ಶಾಂತಿಯ ದಿನ ಎಲ್ಲರನ್ನೂ ಹೆಸರು ಹಿಡಿದು ಕರೆದಿದ್ದನಂತೆ, "ಕಮಲ ಬರಲಿಲ್ಲವಾ?" ಎಂದು ಬಾಗಿಲು ನೋಡುತ್ತಿದ್ದನಂತೆ. ಆಮೇಲೆ, "ಆಗ ನಂಗೆ ಹುಷಾರಿರ್ಲಿಲ್ಲ ಅಲ್ವಾ, ಎಂತ ಮಾಡುದು" ಎಂದು ನೀವೇ ಸಮಾಧಾನ ಮಾಡಿಕೊಂಡಿರಿ. ಅದೂ ನನ್ನ ಎದುರಿಗೇ.

ನಿಮಗೆ ಹುಷಾರಿತ್ತು. ಅಣ್ಣನಿಗೂ ಆಗ ನಿಮ್ಮ ನೆನಪಿತ್ತು. ನಡುವೆ ನಿಂತವಳು ನಾನು. ಅವರಿಬ್ಬರಿಂದ ಆ ದಿನವನ್ನು ಕಿತ್ತುಕೊಂಡೆ ಎಂದು ಬರೆಯಲು ಹೊರಟು "ಅವರಿಬ್ಬರು" ಎಂದುಬಿಟ್ಟೆ ನೋಡಿ, ಪತ್ರದಲ್ಲೂ ನಿಮ್ಮ ಮುಖ ನೋಡಲು ಧೈರ್ಯವಿಲ್ಲ. ನಿಮ್ಮಿಂದ. ನಿಮ್ಮಿಂದ ಕಿತ್ತುಕೊಂಡೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಶನಿವಾರ ಹರೀಶನೂ ಮನೆಯಲ್ಲಿರುತ್ತಾನೆ, ಆಗ ಬಂದು ನಾನೇ ಗಟ್ಟಿಯಾಗಿ ಓದುತ್ತೇನೆ. ನೀವು ಬೈದರೆ ಕೂತು ಬೈಸಿಕೊಳ್ಳುತ್ತೇನೆ. ಬಾಗಿಲು ತೋರಿಸಿದರೆ ಹೋಗುತ್ತೇನೆ. ಪಾಪ ಹುಡುಗಿ ಎಂದು ನೀವು ಮತ್ತೆ ನನ್ನ ಕೈ ತಟ್ಟಿಬಿಟ್ಟರೆ ಮಾತ್ರ ಏನು ಮಾಡಬೇಕೋ ನನಗೆ ತಿಳಿಯದು.