ಅವಳ ಪರವಾಗಿ ನಾನು ಹೇಳಿದ ‘ಬೇಡ’

ನನ್ನ ಹೆಂಡತಿಗೆ ಬರಬೇಕಿದ್ದ ಮುಖ್ಯೋಪಾಧ್ಯಾಯಿನಿ ಹುದ್ದೆಯನ್ನು ತಪ್ಪಿಸಿದವನು ನಾನೇ. ಅದು ಅವಳಿಗೆ ತಿಳಿಯದಂತೆ ಇಷ್ಟು ವರ್ಷ ನೋಡಿಕೊಂಡವನೂ ನಾನೇ.

ಆಗ ಗಿರಿಜಾ ವಿಜಯನಗರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಅವ್ವ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಮಗಳು ಇನ್ನೂ ಚಿಕ್ಕವಳು. ಶಾಲೆಯಲ್ಲಿದ್ದರೆ ಗಿರಿಜಾಗೆ ಮನೆಯ ಚಿಂತೆ, ಮನೆಯಲ್ಲಿದ್ದರೆ ಉತ್ತರಪತ್ರಿಕೆಗಳ ಚಿಂತೆ. ಆದರೂ ತರಗತಿಯ ಮಾತು ಬಂದರೆ ಅವಳ ಮುಖವೇ ಬೇರೆ.

ಒಂದು ಭಾನುವಾರ ಅವಳು ಅವ್ವನಿಗೆ ಸ್ನಾನ ಮಾಡಿಸುತ್ತಿದ್ದಾಗ ಶಾಲೆಯ ಕಾರ್ಯದರ್ಶಿಗಳ ಫೋನ್ ಬಂತು. ನಾನೇ ಎತ್ತಿಕೊಂಡೆ. ಜೂನ್‌ನಿಂದ ಶಾಲೆಯ ಹೊಣೆ ಮೇಡಂಗೇ ಕೊಡಬೇಕು ಅಂತಿದ್ದೀವಿ, ಒಪ್ಪುತ್ತಾರಾ ಎಂದು ಕೇಳಿದರು.

“ಮನೇಲಿ ಕಷ್ಟ ಇದೆ ಸಾರ್. ನಾವು ಮೊದಲೇ ಮಾತಾಡ್ಕೊಂಡಿದೀವಿ, ಬೇಡ ಅಂತಾಳೆ” ಅಂದೆ. ಈ ವಿಷಯ ಅವಳ ಹತ್ತಿರ ಎತ್ತಬೇಡಿ, ಮುಜುಗರ ಪಟ್ಟುಕೊಳ್ಳುತ್ತಾಳೆ ಎಂದೂ ಸೇರಿಸಿದೆ.

ಅವಳ ಭಾರ ಇಳಿಸಿದೆ ಎಂದೇ ಬಹಳ ಕಾಲ ನಂಬಿಕೊಂಡಿದ್ದೆ. ನಿಜ ಬೇರೆ — ಅವಳು ಸಂಜೆ ತಡವಾಗಿ ಬಂದರೆ ಅವ್ವನ ಹಾಸಿಗೆ ಬದಲಿಸುವವನು ನಾನಾಗಬೇಕಿತ್ತು. ನನ್ನ ಕಚೇರಿಯಲ್ಲೂ ಆಗ ಬಡ್ತಿಯ ಸಮಯ...

ಹುದ್ದೆ ಅವಳಿಗಿಂತ ಕಿರಿಯ ಶಿಕ್ಷಕಿಗೆ ಹೋಯಿತು. ಅವತ್ತು ಮನೆಗೆ ಬಂದವಳು, ನನ್ನಲ್ಲೇ ಏನೋ ಕೊರತೆ ಕಂಡಿರಬೇಕು ರೀ ಅಂದಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ.

ಅವ್ವ ತೀರಿಕೊಂಡಳು, ಮಗಳು ಬೆಳೆದಳು, ಮನೆಗೆಲಸ ಹಗುರವಾಯಿತು. ಗಿರಿಜಾ ಹಗುರವಾಗಲಿಲ್ಲ. ತಿದ್ದಿದ ಪತ್ರಿಕೆಯನ್ನೇ ಮತ್ತೆ ಮತ್ತೆ ತಿದ್ದುವಳು. ಶಾಲೆಯಲ್ಲಿ ಮೀಟಿಂಗ್ ಇದ್ದ ದಿನ ತಿಂಡಿ ಸೇರುತ್ತಿರಲಿಲ್ಲ. ನಿದ್ದೆ ಹೋಯಿತು, ಮಾತ್ರೆ ಬಂತು. ಮನಸ್ಸಿಗೆ ನೋವಾಗುವಂಥದ್ದೇನಾದರೂ ನಡೆದಿತ್ತಾ ಎಂದು ಡಾಕ್ಟರು ಕೇಳಿದರು. ಪಕ್ಕದಲ್ಲೇ ಕೂತಿದ್ದ ನಾನು — ಏನಿಲ್ಲ, ಮನೆ, ಕೆಲಸ ಎರಡನ್ನೂ ತೂಗಿಸಿ ಸುಸ್ತಾಗಿದ್ದಾಳೆ ಅಂದೆ. ಅದನ್ನೂ ಅವಳ ಪರವಾಗಿ ನಾನೇ ಹೇಳಿದೆ.

ಕಳೆದ ತಿಂಗಳು ಮಗಳು ಕೆಂಗೇರಿಯಿಂದ ಬಂದಿದ್ದಳು. ಅವಳು ಕೆಲಸ ಮಾಡುವ ಲ್ಯಾಬ್‌ನಲ್ಲಿ ದೊಡ್ಡ ಜವಾಬ್ದಾರಿ ಕೊಡುತ್ತೇವೆ ಅಂದಿದ್ದರಂತೆ; ಕಂಕುಳಲ್ಲಿ ಕೂಸು, ಏನು ಮಾಡಲಿ ಎಂದು ಅಮ್ಮನನ್ನು ಕೇಳಿದಳು.

“ಬೇಡ ಕಣೇ, ನಮ್ಮಂಥೋರಿಗೆ ಅದೆಲ್ಲ ಆಗಲ್ಲ” ಅಂದಳು ಗಿರಿಜಾ.

ನಮ್ಮಂಥೋರಿಗೆ — ಆ ಮಾತು ಅವಳ ಬಾಯಿಗೆ ಬಂದದ್ದು ನನ್ನಿಂದ. ಮಗಳ ಎದುರಿಗೇ ಎಲ್ಲವನ್ನೂ ಹೇಳಿಬಿಟ್ಟೆ.

ಗಿರಿಜಾ ಕೇಳಿದ್ದು ಒಂದೇ.

“ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?”

“ಕೇಳಿದ್ರೆ ನೀನು ಒಪ್ಕೋತಿದ್ದೆ. ಅದಕ್ಕೇ ಕೇಳ್ಲಿಲ್ಲ.”

ಅವಳು ನನ್ನ ಕಡೆ ನೋಡಲಿಲ್ಲ. ಮಗಳಿಗೆ, ಆ ಕೆಲಸ ಒಪ್ಪಿಕೋ, ಮಗೂನ ನಿಮ್ಮಪ್ಪ ನೋಡ್ಕೋತಾರೆ ಎಂದಷ್ಟೇ ಹೇಳಿ ಒಳಗೆ ಹೋದಳು.

ನಿವೃತ್ತನಾದ ನಾನು ಈಗ ದಿನಾ ಬೆಳಿಗ್ಗೆ ಕೆಂಗೇರಿಗೆ ಹೋಗುತ್ತೇನೆ. ಗಿರಿಜಾ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಕ್ಷಮಿಸು ಎಂದು ಇನ್ನೂ ಕೇಳಿಲ್ಲ — ಕೇಳಿದರೆ ನನ್ನನ್ನು ಸಮಾಧಾನ ಮಾಡುವ ಕೆಲಸವೂ ಅವಳ ಪಾಲಿಗೇ ಬೀಳುತ್ತದೆ.